ಪ್ರಯೋಗಾಲಯದ ಪ್ರಾಣಿಗಳಲ್ಲಿ ಹೃದಯರಕ್ಷಣೆ: ಒಂದು ಚಾರಿತ್ರಿಕ ಅವಲೋಕನ

ಔಷಧವೊಂದು ಹೃದಯವನ್ನು ಕಾಯಬಲ್ಲದೇ ಎಂದು ಪರೀಕ್ಷಿಸಬೇಕಾದರೆ, ಮೊದಲು ಹೃದಯವನ್ನು ಕೆಡಿಸುವ ನಂಬಲರ್ಹ ವಿಧಾನವೊಂದು ಬೇಕು. ಅಂಥ ವಿಧಾನವನ್ನು 1959ರಲ್ಲಿ ಜಾರ್ಜ್ ರೋನಾ ಮತ್ತು ಅವರ ಸಹೋದ್ಯೋಗಿಗಳು ಕೆನಡಾದಿಂದ ವರದಿ ಮಾಡಿದರು. ಆಗ ಆಸ್ತಮಾ ರೋಗಿಗಳಿಗೆ ಕೊಡುತ್ತಿದ್ದ ಐಸೊಪ್ರೊಟೆರಿನಾಲ್ ಎಂಬ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಇಲಿಗಳ ಚರ್ಮದಡಿಗೆ ಚುಚ್ಚಿದಾಗ, ಹೃದಯದ ರಕ್ತನಾಳಗಳು ಮುಚ್ಚಿಕೊಳ್ಳದಿದ್ದರೂ ಹೃದಯಾಘಾತವನ್ನು ಹೋಲುವ ಗಾಯಗಳು ಹೃದಯಸ್ನಾಯುವಿನಲ್ಲಿ ಕಾಣಿಸಿಕೊಂಡವು. ಹೃದಯ ಬಡಿತ ವಿಪರೀತವಾಗಿ ಏರಿ, ಸ್ನಾಯುವಿನ ಆಮ್ಲಜನಕದ ಬೇಡಿಕೆ ಪೂರೈಕೆಯನ್ನು ಮೀರುವುದು ಇದಕ್ಕೆ ಒಂದು ಕಾರಣ; ಜೀವಕೋಶಗಳೊಳಗೆ ಕ್ಯಾಲ್ಸಿಯಂ ತುಂಬಿಕೊಳ್ಳುವುದು ಇನ್ನೊಂದು. ಶಸ್ತ್ರಕ್ರಿಯೆಯ ಅಗತ್ಯವಿಲ್ಲದ, ಅಲ್ಪ ವೆಚ್ಚದ ಈ ಮಾದರಿ ಬಹುಬೇಗ ಜಗತ್ತಿನ ಅನೇಕ ಪ್ರಯೋಗಾಲಯಗಳನ್ನು ತಲುಪಿತು.

ಆದರೆ ಹೃದಯರಕ್ಷಣೆಯ ಪ್ರಶ್ನೆಗೆ ನಿಜವಾದ ತುರ್ತು ಒದಗಿದ್ದು ಕ್ಯಾನ್ಸರ್ ಚಿಕಿತ್ಸೆಯ ಮೂಲಕ. ಇಟಲಿಯ ಫಾರ್ಮಿಟಾಲಿಯಾ ಸಂಸ್ಥೆಯ ಸಂಶೋಧಕರು ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಸೂಕ್ಷ್ಮಜೀವಿಯಿಂದ ಮೊದಲು ಡೌನೊರುಬಿಸಿನ್ ಅನ್ನು, ಬಳಿಕ ಅದರ ಬಂಧುವಾದ ಡಾಕ್ಸೊರುಬಿಸಿನ್ ಅನ್ನು ಪಡೆದಿದ್ದರು. ಏಡ್ರಿಯಾಟಿಕ್ ಸಮುದ್ರದ ಹೆಸರಿನಿಂದ ಎರಡನೆಯದು ಏಡ್ರಿಯಾಮೈಸಿನ್ ಎನಿಸಿಕೊಂಡಿತು. ಗೆಡ್ಡೆಗಳನ್ನು ಕರಗಿಸುವಲ್ಲಿ ಅದು ಬಲಶಾಲಿ. ಆದರೆ ಒಟ್ಟು ಪ್ರಮಾಣ ಹೆಚ್ಚಿದಂತೆ ಕೆಲವು ರೋಗಿಗಳ ಹೃದಯ ಸೋಲತೊಡಗಿತು. ದೇಹದ ಪ್ರತಿ ಚದರ ಮೀಟರ್ ಮೇಲ್ಮೈಗೆ 550 ಮಿಲಿಗ್ರಾಂ ಎಂಬ ಎಲ್ಲೆಯನ್ನು 1973ರಲ್ಲಿಯೇ ಸೂಚಿಸಲಾಯಿತು. 1979ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ 4018 ರೋಗಿಗಳ ಪೈಕಿ 88 ಮಂದಿಗೆ ಹೃದಯ ವೈಫಲ್ಯ ಉಂಟಾದುದು ದಾಖಲಾಗಿದೆ. ಔಷಧವನ್ನು ನಿಲ್ಲಿಸಿದರೆ ಕ್ಯಾನ್ಸರ್, ಮುಂದುವರಿಸಿದರೆ ಹೃದಯ ವೈಫಲ್ಯ ಎಂಬ ಇಕ್ಕಟ್ಟು ವೈದ್ಯರದಾಯಿತು.

ಪರಿಹಾರವನ್ನು ಅರಸಿ ಎರಡು ದಾರಿಗಳು ತೆರೆದುಕೊಂಡವು. ಮೊದಲನೆಯದು ಉತ್ಕರ್ಷಣ ನಿರೋಧಕಗಳದು. ಡಾಕ್ಸೊರುಬಿಸಿನ್‌ನಿಂದ ಹುಟ್ಟುವ ಸ್ವತಂತ್ರ ರಾಡಿಕಲ್‌ಗಳು ಜೀವಕೋಶದ ಪೊರೆಯ ಕೊಬ್ಬನ್ನು ಕೆಡಿಸುತ್ತವೆಂಬ ಊಹೆಯ ಮೇಲೆ ಚಾರ್ಲ್ಸ್ ಮೈಯರ್ಸ್ ಮತ್ತು ಸಂಗಡಿಗರು ಸುಂಡಿಲಿಗಳಿಗೆ ಮುಂಚಿತವಾಗಿ ಇ ಜೀವಸತ್ವವನ್ನು ಕೊಟ್ಟರು. ಹೃದಯದ ಹಾನಿ ತಗ್ಗಿತು, ಗೆಡ್ಡೆಯ ಮೇಲಿನ ಪರಿಣಾಮ ಕುಂದಲಿಲ್ಲ. 1977ರ ಈ ವರದಿ ಮೂಡಿಸಿದ ಭರವಸೆ ಹೆಚ್ಚು ಕಾಲ ಉಳಿಯಲಿಲ್ಲ. ಸುಂಡಿಲಿಗಳಿಗೆ ಕೊಟ್ಟದ್ದು ಒಂದೇ ದೊಡ್ಡ ಪ್ರಮಾಣ. ರೋಗಿಗಳಿಗಾದರೋ ತಿಂಗಳುಗಟ್ಟಲೆ ಕಂತುಕಂತಾಗಿ ಕೊಡಬೇಕು. ಆ ಕ್ರಮವನ್ನು ಅನುಸರಿಸಿ ನಾಯಿಗಳ ಮೇಲೆ ನಡೆಸಿದ, 1980ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇ ಜೀವಸತ್ವ ಹೃದಯವನ್ನು ಕಾಯಲಿಲ್ಲ. ಅನಂತರ ರೋಗಿಗಳಲ್ಲಿಯೂ ಅದು ಫಲ ಕೊಡಲಿಲ್ಲ.

ಎರಡನೆಯ ದಾರಿ ನಿಧಾನದ್ದು. ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ, ನಾಯಿಯ ಬೇರ್ಪಡಿಸಿದ ಹೃದಯದಲ್ಲಿ ಈ ಔಷಧಗಳ ದುಷ್ಪರಿಣಾಮವನ್ನು ತಗ್ಗಿಸುವುದನ್ನು ಅಮೆರಿಕದ ಯೂಜೀನ್ ಹರ್ಮನ್ ಗಮನಿಸಿದ್ದರು. ಇಡಿಟಿಎ ಜೀವಕೋಶವನ್ನು ಸುಲಭವಾಗಿ ಹೊಗಲಾರದು. ಹೊಗಬಲ್ಲ ಅದರ ಸಂಬಂಧಿಯೊಂದನ್ನು ಲಂಡನ್ನಿನ ಇಂಪೀರಿಯಲ್ ಕ್ಯಾನ್ಸರ್ ರಿಸರ್ಚ್ ಫಂಡ್‌ನಲ್ಲಿ ಕ್ಯಾನ್ಸರ್ ಔಷಧವಾಗಿ ತಯಾರಿಸಲಾಗಿತ್ತು. ಅದರ ಹೆಸರು ಐಸಿಆರ್‌ಎಫ್-159. 1974ರಲ್ಲಿ ಹ್ಯಾಮ್‌ಸ್ಟರ್‌ಗಳಲ್ಲಿ ಅದರ ರಕ್ಷಣೆಯ ಗುಣ ಕಂಡುಬಂದಿತು. ಅಲ್ಲಿಗೆ ತೃಪ್ತರಾಗದ ಹರ್ಮನ್, ವಿಕ್ಟರ್ ಫೆರಾನ್ಸ್ ಅವರೊಡಗೂಡಿ, ಐಸಿಆರ್‌ಎಫ್-187 ಎಂಬ ರೂಪವನ್ನು ದೀರ್ಘಾವಧಿಯ ಪ್ರಯೋಗಗಳಲ್ಲಿ ಮೊಲಗಳಿಗೂ ನಾಯಿಗಳಿಗೂ ಕೊಟ್ಟು ಪರೀಕ್ಷಿಸಿದರು. ಪ್ರಾಣಿ ಬದಲಾದರೂ ಫಲ ಬದಲಾಗಲಿಲ್ಲ. ಈ ಛಲವೇ ನಿರ್ಣಾಯಕವಾಯಿತೆಂದು ನನ್ನ ಅಭಿಪ್ರಾಯ. 1988ರಲ್ಲಿ ನ್ಯೂಯಾರ್ಕಿನ ವೈದ್ಯರು ಸ್ತನ ಕ್ಯಾನ್ಸರ್ ಇದ್ದ ಮಹಿಳೆಯರಲ್ಲಿ ಅದು ಹೃದಯವನ್ನು ಕಾಯುವುದನ್ನು ವರದಿ ಮಾಡಿದರು. 1995ರಲ್ಲಿ ಡೆಕ್ಸ್‌ರಜೋಕ್ಸೇನ್ ಎಂಬ ಹೆಸರಿನಲ್ಲಿ ಅದಕ್ಕೆ ಅಮೆರಿಕದಲ್ಲಿ, ಮಿತಿಗಳೊಂದಿಗೆ, ಅನುಮತಿ ದೊರೆಯಿತು.

ವಿಚಿತ್ರವೆಂದರೆ, ಗೆದ್ದ ಔಷಧದ ವಿವರಣೆಯೇ ಮುಂದೆ ಪ್ರಶ್ನೆಗೊಳಗಾಯಿತು. ಅದು ಕಬ್ಬಿಣವನ್ನು ಹಿಡಿದಿಟ್ಟು ರಾಡಿಕಲ್‌ಗಳನ್ನು ತಡೆಯುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 2012ರಲ್ಲಿ ಹೂಸ್ಟನ್ನಿನ ಸಂಶೋಧಕರು, ಸುಂಡಿಲಿಗಳ ಹೃದಯದ ಕೋಶಗಳಿಂದ ಟೊಪೊಐಸೊಮರೇಸ್-2 ಬೀಟಾ ಎಂಬ ಕಿಣ್ವದ ಜೀನನ್ನು ತೆಗೆದರೆ ಡಾಕ್ಸೊರುಬಿಸಿನ್‌ನ ಹಾನಿ ತಗ್ಗುತ್ತದೆಂದು ತೋರಿಸಿದರು. ಡೆಕ್ಸ್‌ರಜೋಕ್ಸೇನ್ ಆ ಕಿಣ್ವವನ್ನೂ ಕುಂದಿಸುತ್ತದೆ.

ಈ ಹಿನ್ನೆಲೆಯಲ್ಲಿ ಭಾರತದ ಔಷಧಶಾಸ್ತ್ರೀಯ ಅಧ್ಯಯನಗಳತ್ತ ನೋಡುವುದು ಉಚಿತ. ಅರ್ಜುನ, ಅಂದರೆ ಕನ್ನಡದ ತೊರೆಮತ್ತಿ ಮರದ ತೊಗಟೆಯೂ ಸೇರಿದಂತೆ ಹಲವು ಸಸ್ಯಗಳ ಸಾರವನ್ನು ಇಲ್ಲಿ ಐಸೊಪ್ರೊಟೆರಿನಾಲ್ ಮಾದರಿಯಲ್ಲಿ ಪರೀಕ್ಷಿಸಲಾಗಿದೆ. ವಾಡಿಕೆಯ ಕ್ರಮದಲ್ಲಿ ಇಲಿಗೆ ಸಾರವನ್ನು ಮೊದಲು ಕೆಲವು ದಿನ ಅಥವಾ ವಾರ ಕೊಟ್ಟು, ಕೊನೆಯಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಂಗೆ 85 ಮಿಲಿಗ್ರಾಂನಂತೆ 24 ಗಂಟೆಗಳ ಅಂತರದಲ್ಲಿ ಎರಡು ಬಾರಿ ಐಸೊಪ್ರೊಟೆರಿನಾಲ್ ಚುಚ್ಚಿ, ಬಳಿಕ ಹೃದಯವನ್ನು ಪರೀಕ್ಷಿಸಲಾಗುತ್ತದೆ. ಕಿಣ್ವಗಳ ಏರಿಳಿತವನ್ನು ಇದು ಚೆನ್ನಾಗಿಯೇ ತೋರಿಸುತ್ತದೆ. ಆದರೆ ಇದು ಉತ್ತರಿಸುವುದು 1977ರ ಸುಂಡಿಲಿಗಳ ಪ್ರಯೋಗ ಕೇಳಿದಂಥ ಪ್ರಶ್ನೆಗೆ: ಮೊದಲೇ ಸಿದ್ಧಗೊಳಿಸಿದ ಹೃದಯ ಹಠಾತ್ ಆಘಾತವೊಂದನ್ನು ತಾಳಬಲ್ಲದೇ? ಹಾನಿಯಾದ ಮೇಲೆ ಬರುವ ರೋಗಿಯ ಪ್ರಶ್ನೆಯೂ, ತಿಂಗಳುಗಳ ಬಳಿಕ ಸೋಲುವ ಹೃದಯದ ಪ್ರಶ್ನೆಯೂ ಆ ಎರಡು ದಿನಗಳ ಅವಧಿಯೊಳಗೆ ಬರುವುದಿಲ್ಲ.