ಕೊಲ್ಹಾಪುರಿ ಚಪ್ಪಲಿ ಮತ್ತು ಪ್ರಾಡಾ: ಹಕ್ಕುದಾರರು ಯಾರು?

2025ರ ಜೂನ್‌ನಲ್ಲಿ ಮಿಲಾನ್‌ನ ಪುರುಷರ ಫ್ಯಾಷನ್ ಪ್ರದರ್ಶನದಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯ ರೂಪದರ್ಶಿಗಳು ಮೆಟ್ಟಿದ್ದ ಪಾದರಕ್ಷೆಯ ಗುರುತು ಅಥಣಿ, ನಿಪ್ಪಾಣಿ, ಕೊಲ್ಹಾಪುರದವರಿಗೆ ತಕ್ಷಣವೇ ಸಿಕ್ಕಿತು. ಚಪ್ಪಟೆ ಅಟ್ಟೆ, ಹೆಬ್ಬೆರಳಿಗೆ ಉಂಗುಟ, ಪಾದದ ಮೇಲೆ ಹೆಣೆದ ಪಟ್ಟಿ. ಪ್ರಾಡಾ ಅದನ್ನು ಚರ್ಮದ ಸ್ಯಾಂಡಲ್ ಎಂದಷ್ಟೇ ಕರೆದಿತ್ತು. ಗದ್ದಲ ಎದ್ದ ಮೇಲೆ ಸಂಸ್ಥೆಯ ಲೊರೆಂಜೊ ಬೆರ್ಟೆಲಿ ಮಹಾರಾಷ್ಟ್ರದ ವಾಣಿಜ್ಯೋದ್ಯಮ ಮಂಡಳಿಗೆ ಪತ್ರ ಬರೆದು, ಭಾರತದ ಸಾಂಪ್ರದಾಯಿಕ ಪಾದರಕ್ಷೆಯೇ ಇದಕ್ಕೆ ಪ್ರೇರಣೆ ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ಇದು ಭಾರತೀಯ ಸಂಸ್ಕೃತಿಯ ಅಪಹರಣ ಎಂಬ ಮಾತು ಎಲ್ಲೆಡೆ ಹಬ್ಬಿತ್ತು. ಕಳುವಾಯಿತು ಎನ್ನುವಾಗ ಒಡೆಯ ಯಾರೆಂದು ಹೇಳಬೇಕಾಗುತ್ತದೆ. ಈ ಪ್ರಕರಣದಲ್ಲಿ ಒಡೆಯರಾಗಿ ಮೂವರು ಕಾಣಿಸುತ್ತಾರೆ: ಕಾನೂನಿನ ಒಡೆಯ, ಪ್ರದೇಶದ ಹೆಸರಿನಲ್ಲಿ ಮಾತಾಡುವವನು, ಚಪ್ಪಲಿ ಹೊಲಿಯುವವನು. ಚರ್ಚೆಯಲ್ಲಿ ಮೂವರನ್ನೂ ಒಬ್ಬರೆಂದೇ ಎಣಿಸಲಾಯಿತು.

ಮೊದಲು ಕಾನೂನು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ನೋಂದಾಯಿತ ಒಡೆತನ ಎರಡು ಸರ್ಕಾರಿ ನಿಗಮಗಳದ್ದು: ಮಹಾರಾಷ್ಟ್ರದ ಲಿಡ್ಕಾಂ, ಕರ್ನಾಟಕದ ಲಿಡ್ಕರ್. ವ್ಯಾಪ್ತಿಗೆ ಬರುವುದು ಎಂಟು ಜಿಲ್ಲೆಗಳು. ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ ಅತ್ತ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಇತ್ತ. 1956ರವರೆಗೆ ಈ ಕಡೆಯ ಜಿಲ್ಲೆಗಳೂ ಮುಂಬಯಿ ರಾಜ್ಯದಲ್ಲೇ ಇದ್ದವು. ಗಡಿ ಬಂದದ್ದು ಕಸುಬು ನೆಲೆಗೊಂಡ ಎಷ್ಟೋ ಕಾಲದ ಮೇಲೆ. ಆದರೂ ಪ್ರಾಡಾ ವಿವಾದದ ಮೊದಲ ವಾರಗಳಲ್ಲಿ ಸುದ್ದಿಯೆಲ್ಲ ಮಹಾರಾಷ್ಟ್ರದ ಸುತ್ತಲೇ ತಿರುಗಿತು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಕರ್ಮಿಗಳ ಹೆಸರೂ ಬರಬೇಕೆಂದು ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ನೆನಪಿಸಬೇಕಾಯಿತು.

ಜಿಐ ಮುಖ್ಯವಾಗಿ ಕಾಯುವುದು ಹೆಸರನ್ನು. ಕೊಲ್ಹಾಪುರಿ ಎಂಬ ಹೆಸರನ್ನು ಪ್ರಾಡಾ ಬಳಸಲೇ ಇಲ್ಲ. ವಿನ್ಯಾಸ ಕಾಯ್ದೆಯತ್ತ ತಿರುಗಿದರೆ ಅದು ಹೊಸತನ ಕೇಳುತ್ತದೆ. ತಲೆಮಾರುಗಳಿಂದ ಸಂತೆಯಲ್ಲಿ ಮಾರಾಟವಾಗುತ್ತಿರುವ ಆಕಾರಕ್ಕೆ ಅಲ್ಲಿ ಜಾಗವಿಲ್ಲ. ಇಲ್ಲೊಂದು ವಿಚಿತ್ರವಿದೆ: ಮೂಲವನ್ನು ಹೆಸರಿಸಿ ಗೌರವ ತೋರಿದ್ದರೆ ಪ್ರಾಡಾ ಕಾನೂನಿನ ತೊಡಕಿಗೆ ಹತ್ತಿರವಾಗುತ್ತಿತ್ತು, ಹೆಸರು ಮರೆಸಿದ್ದರಿಂದ ದೂರ ಉಳಿಯಿತು. ವಕೀಲರು ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ ಜುಲೈ 2025ರಲ್ಲಿ ವಜಾ ಮಾಡಿತು; ಅರ್ಜಿದಾರರು ಜಿಐ ಒಡೆಯರಲ್ಲ ಎಂಬುದು ಅದರ ನಿಲುವಿನ ತಿರುಳು. ಮೆಕ್ಸಿಕೋ ಬೇರೆ ದಾರಿ ಹಿಡಿದಿದೆ. ವಹಾಕಾ ಪ್ರಾಂತದ ತ್ಲಾಹುಯಿತೊಲ್ತೆಪೆಕ್ ಊರಿನ ಕಸೂತಿ ರವಿಕೆಯನ್ನು ಫ್ರಾನ್ಸಿನ ಇಸಾಬೆಲ್ ಮರಾಂ ಸಂಸ್ಥೆ ಹೋಲುವಂತೆ ಹೊಲಿಸಿ ಮಾರಿದಾಗ 2015ರಲ್ಲಿ ಪ್ರತಿಭಟನೆ ನಡೆಯಿತು. ಅಂಥ ಹಲವು ಪ್ರಕರಣಗಳ ಬಳಿಕ 2022ರ ಕಾಯ್ದೆ ಮೂಲನಿವಾಸಿ ಸಮುದಾಯಗಳಿಗೇ ಸಾಮೂಹಿಕ ಹಕ್ಕು ಕೊಟ್ಟಿತು.

ಅಂಥ ಕಾಯ್ದೆ ಇಲ್ಲಿ ಬಂದರೆ ಸಮುದಾಯ ಎಂದು ಯಾರನ್ನು ಬರೆಯಬೇಕು? ಉತ್ತರ ಅಷ್ಟೇನೂ ಕಷ್ಟವಲ್ಲ, ಮುಜುಗರದ್ದು. ಜಾಲಿ ತೊಗಟೆ, ಅಳಲೆಕಾಯಿಯ ರಸದಲ್ಲಿ ಚರ್ಮ ಹದ ಮಾಡಿ, ಬಡಿದು, ಕತ್ತರಿಸಿ, ಹೊಲಿದವರು ಢೋರ, ಸಮಗಾರ, ಚಮ್ಮಾರ ಸಮುದಾಯಗಳವರು. ಪಟ್ಟಿ ಹೆಣೆಯುವ ನಾಜೂಕಿನ ಕೆಲಸ ಬಹುಪಾಲು ಹೆಂಗಸರದು. ಆ ಚಪ್ಪಲಿ ಮೆಟ್ಟಿದ ಮೇಲ್ಜಾತಿಯವರು ಹೊಲಿದವನನ್ನು ಮುಟ್ಟುತ್ತಿರಲಿಲ್ಲ. ಮಿಲಾನ್ ಸುದ್ದಿ ಬಂದಾಗ 'ನಮ್ಮ ಪರಂಪರೆ' ಎಂದು ಎದೆ ತಟ್ಟಿಕೊಂಡವರಲ್ಲಿ ಎಷ್ಟೋ ಮಂದಿ ಈ ಚರಿತ್ರೆಯನ್ನು ಎತ್ತಲೇ ಇಲ್ಲ. ಕಸುಬಿಗೆ ಬೇಕಾದ ಚರ್ಮದ ಸರಬರಾಜನ್ನು ಬಿಗಿ ಮಾಡಿದ್ದು ಯಾವ ವಿದೇಶಿ ಕಂಪನಿಯೂ ಅಲ್ಲ ಎಂಬುದನ್ನೂ ಗಮನಿಸಬೇಕು. ಮಹಾರಾಷ್ಟ್ರದ 2015ರ ಮತ್ತು ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆಗಳ ಪರಿಣಾಮ ಈ ಮನೆಗಳ ಅಂಗಳಕ್ಕೆ ನೇರವಾಗಿ ತಟ್ಟಿತು.

ಈ ಚಪ್ಪಲಿಗೆ ಹನ್ನೆರಡನೆಯ ಶತಮಾನದ ಮೂಲ ಹೇಳುವವರು ಸಮಗಾರ ಹರಳಯ್ಯನನ್ನು ನೆನೆಯುತ್ತಾರೆ. ಹರಳಯ್ಯ ಶರಣು ಎಂದನಂತೆ, ಬಸವಣ್ಣ ಶರಣು ಶರಣಾರ್ಥಿ ಎಂದನಂತೆ. ಹೆಚ್ಚಾಗಿ ಬಂದ ಆ ಒಂದು ಶರಣಿನ ಋಣ ತೀರಿಸಲು ಗಂಡಹೆಂಡಿರು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರು. ಬಸವಣ್ಣ ಮೆಟ್ಟದೆ ತಲೆಯ ಮೇಲೆ ಹೊತ್ತುಕೊಂಡ. ಇಂದಿನ ವಿನ್ಯಾಸ ಅಂದೇ ಇತ್ತು ಎಂಬುದಕ್ಕೆ ಈ ಕಥೆ ಪುರಾವೆಯಾಗದು. ಆದರೆ ಮಾಡಿದವನಿಗೆ ಸಲ್ಲಬೇಕಾದದ್ದೇನು ಎಂಬ ಲೆಕ್ಕವನ್ನು ಈ ನಾಡಿನ ಕಥನಪರಂಪರೆ ಬಹು ಹಿಂದೆಯೇ ಎತ್ತಿಕೊಂಡಿತ್ತು ಎಂಬುದಕ್ಕೆ ಇದು ಸಾಕ್ಷಿ.

ಇನ್ನು ಹೊರಗಿನವರು ಮೆಟ್ಟಬಹುದೇ ಎಂಬ ಪ್ರಶ್ನೆ. ಮೆಟ್ಟಲಿ. ಮಾರಾಟಕ್ಕೆಂದೇ ಮಾಡಿದ ವಸ್ತುವಿಗೆ ದೀಕ್ಷೆಯ ಉಡುಪಿನ ನಿರ್ಬಂಧ ಹೇರುವುದರಲ್ಲಿ ಹುರುಳಿಲ್ಲ. ಕೊಳ್ಳುವವರು ಕಡಿಮೆಯಾದರೆ ಸೊರಗುವುದು ಕಸುಬೇ.

ಡಿಸೆಂಬರ್ 2025ರಲ್ಲಿ ಪ್ರಾಡಾ ಎರಡೂ ನಿಗಮಗಳೊಂದಿಗೆ ಒಡಂಬಡಿಕೆಗೆ ಸಹಿ ಹಾಕಿತು. ಎರಡೂ ರಾಜ್ಯಗಳಲ್ಲಿ ಒಟ್ಟು 2,000 ಜೊತೆ ಚಪ್ಪಲಿ ಮಾಡಿಸಿ, ಜೊತೆಯೊಂದಕ್ಕೆ ಸುಮಾರು 800 ಯೂರೋದಂತೆ ಮಾರುವುದು ಪ್ರಕಟಿಸಿದ ಯೋಜನೆ. ಕುಶಲಕರ್ಮಿಗಳಿಗೆ ತರಬೇತಿಯೂ ಅದರಲ್ಲಿ ಸೇರಿದೆ. ಕರ್ನಾಟಕದ ಹೆಸರು ಈ ಬಾರಿ ಬಿಟ್ಟುಹೋಗಿಲ್ಲ. ಅಭ್ಯಾಸಿಗಳು ಇನ್ನು ನೋಡಬೇಕಾದದ್ದು ಜಿಐ ನೋಂದಣಿಯ ಅಧಿಕೃತ ಬಳಕೆದಾರರ ಪಟ್ಟಿಯನ್ನು: ಅದರಲ್ಲಿ ವ್ಯಾಪಾರಿಗಳೆಷ್ಟು, ಹೊಲಿಯುವವರೆಷ್ಟು, ಹೆಣೆಯುವ ಹೆಂಗಸರೆಷ್ಟು.