ಒಬ್ಬ ಲೇಖಕನೊಡನೆ ಒಂದು ಆಯುಷ್ಯ

ಹಾಸನದಿಂದ ಮೈಸೂರಿಗೆ ಹೋಗುವ ರೈಲು ಹೇಮಾವತಿಯ ದಡದ ಹೊಳೆನರಸೀಪುರವನ್ನು ಹಾದುಹೋಗುತ್ತದೆ. ಈ ಊರಿನ ಹೆಸರು ಕೇಳಿದೊಡನೆ ರಾಜಕಾರಣವನ್ನು ನೆನೆಯುವವರೇ ಹೆಚ್ಚು. ಆದರೆ ವೇದಾಂತದ ಪುಸ್ತಕಗಳನ್ನು ಓದುವವರಿಗೆ ಅದು ಇನ್ನೊಂದು ಕಾರಣಕ್ಕೆ ಪರಿಚಿತ. 1937ರಲ್ಲಿ ಒಂದು ಪ್ರಕಟಣ ಸಂಸ್ಥೆ ಬೆಂಗಳೂರನ್ನು ಬಿಟ್ಟು ಇಲ್ಲಿಗೆ ಬಂದು ನೆಲೆಸಿತು. ದೊಡ್ಡ ಊರಿನಿಂದ ಚಿಕ್ಕ ಊರಿಗೆ ಪುಸ್ತಕದ ವ್ಯವಹಾರ ಸಾಗುವುದು ಅಪರೂಪ. ಆ ಸಂಸ್ಥೆಯ ಹೆಸರು ಅಧ್ಯಾತ್ಮ ಪ್ರಕಾಶ ಕಾರ್ಯಾಲಯ. ಅದನ್ನು 1920ರಲ್ಲಿ ಸ್ಥಾಪಿಸಿದವರು ವೈ. ಸುಬ್ಬರಾಯರು, ಉಪಾಧ್ಯಾಯ ವೃತ್ತಿಯಲ್ಲಿದ್ದವರು. 1948ರಲ್ಲಿ ಸಂನ್ಯಾಸ ಸ್ವೀಕರಿಸಿದ ಮೇಲೆ ಅವರು ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳೆಂದು ಹೆಸರಾದರು.

ಅವರು 1880ರಲ್ಲಿ ಹುಟ್ಟಿ 1975ರವರೆಗೆ ಬದುಕಿದ್ದರು. ಕನ್ನಡ, ಸಂಸ್ಕೃತ, ಇಂಗ್ಲಿಷ್ ಭಾಷೆಗಳಲ್ಲಿ ಅವರು ಬರೆದ ಪುಸ್ತಕಗಳು ಇನ್ನೂರಕ್ಕೂ ಹೆಚ್ಚು. ಹೆಚ್ಚುಕಡಿಮೆ ಅವೆಲ್ಲವೂ ಒಬ್ಬನೇ ಲೇಖಕನನ್ನು ಕುರಿತವು. ಆ ಲೇಖಕ ಆದಿ ಶಂಕರಾಚಾರ್ಯ. ತನ್ನದೇ ಮಾತನ್ನು ಹೇಳಿಕೊಳ್ಳಲು ಬರೆಯುವವರು ಬಹಳ ಮಂದಿ. ಇನ್ನೊಬ್ಬನ ಬರಹವನ್ನು ತಿಳಿಯುವುದಕ್ಕಾಗಿಯೇ ಆಯುಷ್ಯವೆಲ್ಲ ಬರೆಯುವವನಿಗೆ ದಕ್ಕುವುದೇನು? ಹಾಸನ ಸೀಮೆಯಲ್ಲಿ ಈ ಪ್ರಶ್ನೆಗೆ ಸಾವಿರ ವರ್ಷಗಳ ಇತಿಹಾಸವಿದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಿಂದಲೇ ಆರಂಭಿಸಬಹುದು. ಅಲ್ಲಿಯ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಅಕ್ಷರಗಳಿವೆ; ಕವಿಚಕ್ರವರ್ತಿ ರನ್ನ ತಾನೇ ಕೆತ್ತಿದ ಹೆಸರು ಅದೆಂದು ವಿದ್ವಾಂಸರು ನಂಬಿದ್ದಾರೆ. ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಗೊಮ್ಮಟನ ದರ್ಶನಕ್ಕೆ ಇಲ್ಲಿಗೆ ಬಂದದ್ದನ್ನು ಅವನು 993ರಲ್ಲಿ ಮುಗಿಸಿದ ‘ಅಜಿತಪುರಾಣ’ ಹೇಳುತ್ತದೆ. ಈ ಅತ್ತಿಮಬ್ಬೆ ಕಾವ್ಯ ಬರೆದವಳಲ್ಲ, ಕಾವ್ಯವನ್ನು ಮೆಚ್ಚಿದವಳು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಅವಳ ಕೀರ್ತಿ. ಒಂದೊಂದು ಗರಿಯನ್ನೂ ಕಂಠದಿಂದ ಕೊರೆದು ಬರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಕೈಗಳ, ಎಷ್ಟು ದಿನಗಳ ಕೆಲಸವೆಂಬುದನ್ನು ಊಹಿಸಿಕೊಳ್ಳಬಹುದು.

ಇನ್ನೂರೈವತ್ತು ವರ್ಷಗಳ ನಂತರ, ಹೊಯ್ಸಳ ದೊರೆ ಸೋಮೇಶ್ವರನ ಕಾಲದಲ್ಲಿ, ಮಲ್ಲಿಕಾರ್ಜುನನೆಂಬ ವಿದ್ವಾಂಸ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ. ಹಿಂದಿನ ಕವಿಗಳಲ್ಲಿ ತನಗೆ ಮೆಚ್ಚಿಕೆಯಾದ ಪದ್ಯಗಳನ್ನು ವಿಷಯವಾರು ಆರಿಸಿ ಜೋಡಿಸಿದ ಗ್ರಂಥ ಇದು. ಅವುಗಳಲ್ಲಿ ಕೆಲವು ಪದ್ಯಗಳ ಮೂಲ ಕಾವ್ಯಗಳು ಇಂದು ಸಿಕ್ಕಿಲ್ಲ. ಮಲ್ಲಿಕಾರ್ಜುನನ ಮೆಚ್ಚಿಕೆಯೇ ಅವುಗಳಿಗೆ ಉಳಿದಿರುವ ಆಸರೆ. ಆ ಮನೆಯಲ್ಲಿ ಬೆಳೆದ ಮಗ ಕೇಶಿರಾಜ ಹಳೆಯ ಕವಿಗಳ ಪ್ರಯೋಗಗಳನ್ನೇ ಉದಾಹರಿಸುತ್ತ ‘ಶಬ್ದಮಣಿದರ್ಪಣ’ವೆಂಬ ವ್ಯಾಕರಣವನ್ನು ಬರೆದ. ತಂದೆಯ ಓದಿನ ರುಚಿ ಮಗನ ಕೈಯಲ್ಲಿ ಶಾಸ್ತ್ರವಾಯಿತು.

ಸುಬ್ಬರಾಯರ ಸಮಸ್ಯೆ ಇದಕ್ಕಿಂತ ಬೇರೆ ಬಗೆಯದು. ಅವರ ಮೆಚ್ಚಿನ ಲೇಖಕ ಮರೆತುಹೋದವನಲ್ಲ, ಅತಿಯಾಗಿ ವ್ಯಾಖ್ಯಾನಕ್ಕೊಳಗಾದವನು. ಶಂಕರರ ಸೂತ್ರಭಾಷ್ಯಕ್ಕೆ ‘ಪಂಚಪಾದಿಕಾ’, ಅದಕ್ಕೆ ‘ವಿವರಣ’, ಇನ್ನೊಂದು ಕಡೆ ವಾಚಸ್ಪತಿ ಮಿಶ್ರನ ‘ಭಾಮತೀ’, ಅವುಗಳಿಗೆ ಮತ್ತೆ ಟೀಕೆಗಳು. ಪಾಠಶಾಲೆಯ ವಿದ್ಯಾರ್ಥಿ ಭಾಷ್ಯವನ್ನು ಈ ಟೀಕೆಗಳ ಕನ್ನಡಕದಿಂದಲೇ ನೋಡುತ್ತಿದ್ದ. ಆದರೆ ಇಪ್ಪತ್ತನೆಯ ಶತಮಾನದ ಹೊತ್ತಿಗೆ ಒಂದು ಅನುಕೂಲ ಒದಗಿತ್ತು. 1910ರಲ್ಲಿ ಶ್ರೀರಂಗದ ವಾಣೀವಿಲಾಸ ಮುದ್ರಣಾಲಯ ಶಂಕರರ ಗ್ರಂಥಗಳನ್ನು ಇಪ್ಪತ್ತು ಸಂಪುಟಗಳಲ್ಲಿ ಹೊರತಂದಿತು. ಒಬ್ಬ ಲೇಖಕನ ಎಲ್ಲ ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಹರಡಿಕೊಂಡು, ಒಂದು ಶಬ್ದವನ್ನು ಎಲ್ಲೆಲ್ಲಿ ಯಾವ ಅರ್ಥದಲ್ಲಿ ಬಳಸಿದ್ದಾನೆಂದು ನೋಡುವುದು ಮಠದ ಹೊರಗಿನ ಓದುಗನಿಗೂ ಸಾಧ್ಯವಾಯಿತು. ಅಂಥ ಓದಿಗೆ ಅವರಿಗೆ ಮಾರ್ಗದರ್ಶಕರಾದವರಲ್ಲಿ ಮುಖ್ಯರು ಬೆಂಗಳೂರಿನ ಕೆ. ಎ. ಕೃಷ್ಣಸ್ವಾಮಿ ಅಯ್ಯರ್.

ಸುಬ್ಬರಾಯರು ಹಿಡಿದ ಶಬ್ದ ‘ಅವಿದ್ಯೆ’. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಾಣುತ್ತದೆ. ದೀಪ ತಂದರೆ ಹಾವಿಲ್ಲ. ಇದು ಎಲ್ಲರೂ ಬಲ್ಲ ದೃಷ್ಟಾಂತ. ನಂತರದ ವ್ಯಾಖ್ಯಾನಕಾರರು ಇಲ್ಲೊಂದು ಪ್ರಶ್ನೆ ಎತ್ತಿದರು: ಕಂಡ ಹಾವಿಗೆ ಏನಾದರೂ ಉಪಾದಾನ ಬೇಡವೇ? ಮಡಕೆಗೆ ಮಣ್ಣಿದ್ದಂತೆ ಈ ಭ್ರಾಂತಿಗೂ ಒಂದು ಕಾರಣದ್ರವ್ಯವಿರಬೇಕು. ಅದು ಗಾಢನಿದ್ದೆಯಲ್ಲೂ ಬೀಜವಾಗಿ ಉಳಿದಿರಬೇಕು. ಅದಕ್ಕೆ ಅವರು ಮೂಲಾವಿದ್ಯೆ ಎಂದರು. ಸುಬ್ಬರಾಯರು ಶಂಕರರ ಭಾಷ್ಯಗಳನ್ನು ತಿರುವಿ ತಿರುವಿ ನೋಡಿದರು. ಅಂಥ ದ್ರವ್ಯ ಅಲ್ಲಿ ಅವರಿಗೆ ಕಾಣಲಿಲ್ಲ. ಒಂದನ್ನು ಇನ್ನೊಂದೆಂದು ತಿಳಿಯುವ ತಪ್ಪನ್ನೇ ಶಂಕರರು ಅವಿದ್ಯೆ ಎನ್ನುತ್ತಾರೆ, ಅದು ಪ್ರತಿಯೊಬ್ಬನ ಅನುಭವದಲ್ಲಿ ಇರುವಂಥದ್ದು, ಸರಿಯಾದ ತಿಳಿವು ಬಂದರೆ ಅಷ್ಟಕ್ಕೇ ಹೋಗುವಂಥದ್ದು ಎಂಬುದು ಅವರ ತೀರ್ಮಾನ. 1929ರಲ್ಲಿ ಸಂಸ್ಕೃತದಲ್ಲಿ ಪ್ರಕಟವಾದ ‘ಮೂಲಾವಿದ್ಯಾನಿರಾಸ’ದ ತಿರುಳು ಇದು.

ಹೊರಗಿನವರಿಗೆ ಇದು ಕೂದಲು ಸೀಳುವ ವಾದವೆನಿಸಬಹುದು. ಒಳಗಿನವರಿಗೆ ಅದು ಬಹು ದೊಡ್ಡ ಪ್ರಶ್ನೆ. ಶತಮಾನಗಳಿಂದ ಪಾಠ ಹೇಳುತ್ತ ಬಂದ ಪರಂಪರೆ ತನ್ನ ಮೂಲ ಲೇಖಕನನ್ನೇ ತಪ್ಪಾಗಿ ಓದಿದೆ ಎಂದು ಒಬ್ಬ ಮೇಷ್ಟರು ಹೇಳಿದಂತಾಯಿತು. ಪಂಡಿತ ವರ್ಗದಿಂದ ವಿರೋಧ ಬಂತು. ಸಂಪ್ರದಾಯದ ಅನೇಕ ವಿದ್ವಾಂಸರು ಇಂದಿಗೂ ಆ ತೀರ್ಮಾನವನ್ನು ಒಪ್ಪುವುದಿಲ್ಲ. ಆಚಾರ್ಯರ ಮಾತನ್ನು ಟೀಕೆಯ ಸಹಾಯವಿಲ್ಲದೆ ತಿಳಿಯಲಾಗದೆಂಬ ಅವರ ವಾದವೂ ಹಗುರವಾದದ್ದಲ್ಲ. ಗಮನಿಸಬೇಕಾದ್ದು ಸುಬ್ಬರಾಯರು ಇದಕ್ಕೆ ಕೊಟ್ಟ ಉತ್ತರ. ಅವರು ವಾಕ್ಯಾರ್ಥ ಸಭೆಯನ್ನಷ್ಟೇ ನೆಚ್ಚಿಕೊಳ್ಳಲಿಲ್ಲ. ಸೂತ್ರಭಾಷ್ಯ, ಗೀತಾಭಾಷ್ಯ, ಉಪನಿಷದ್ಭಾಷ್ಯಗಳನ್ನು ಕನ್ನಡಕ್ಕೆ ತಂದರು. ‘ಅಧ್ಯಾತ್ಮ ಪ್ರಕಾಶ’ ಮಾಸಪತ್ರಿಕೆಯ ಮೂಲಕ ತಿಂಗಳು ತಿಂಗಳೂ ಓದುಗರ ಮನೆಗೆ ವಿಚಾರವನ್ನು ಮುಟ್ಟಿಸಿದರು. ಲೇಖಕ ಏನು ಹೇಳಿದ್ದಾನೆಂಬುದನ್ನು ಸಂಸ್ಕೃತ ಬಾರದ ಗುಮಾಸ್ತ, ಗೃಹಿಣಿ, ರೈತ ತಾವೇ ಓದಿ ನೋಡಲಿ ಎಂಬುದು ಈ ಕೆಲಸದಲ್ಲಿ ಅಡಗಿದ ಮಾತು. ಇಂಥ ಪುಸ್ತಕ, ಪತ್ರಿಕೆಗಳು ಹೊಳೆನರಸೀಪುರದ ಅಂಚೆಯಿಂದ ಹೊರಟವು.

ಈ ದುಡಿಮೆಯಿಂದ ಅವರಿಗೆ ಹಣ ಬಂತೆಂದು ಯಾರೂ ಹೇಳಲಾರರು. ಬಂದ ಲಾಭ ಬೇರೆ ಬಗೆಯದು. ಅದನ್ನು ಪುಸ್ತಕಗಳ ಸಾಲಿನಲ್ಲೇ ಕಾಣಬಹುದು. 1929ರ ಪುಸ್ತಕ ಮುಖ್ಯವಾಗಿ ಒಂದು ತಪ್ಪನ್ನು ತೋರಿಸುವಂಥದು. ಮೂವತ್ತೈದು ವರ್ಷಗಳ ನಂತರ, 1964ರಲ್ಲಿ, ಅವರ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಬಂದ ‘ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ’ ಬರೀ ಖಂಡನೆಯ ಗ್ರಂಥವಲ್ಲ. ಮೊದಲು ಆರೋಪಿಸಿ ಹೇಳಿ, ಆಮೇಲೆ ಅದನ್ನೇ ತೆಗೆದುಹಾಕುವ ಅಧ್ಯಾರೋಪ-ಅಪವಾದವೇ ಶಂಕರರ ಬೋಧನಕ್ರಮದ ಕೀಲಿಕೈ ಎಂದು ತೋರಿಸಿ, ಅದು ಒಬ್ಬೊಬ್ಬ ಲೇಖಕನಲ್ಲಿ ಹೇಗೆ ಉಳಿಯಿತು, ಎಲ್ಲಿ ಜಾರಿತು ಎಂಬುದನ್ನು ಹಂತಹಂತವಾಗಿ ಪರಿಶೀಲಿಸುವ ಇತಿಹಾಸ ಅದು. ಜಗಳದಿಂದ ಆರಂಭವಾದ ಓದು ಹೀಗೆ ಹಣ್ಣಾಯಿತು. ಎಚ್ಚರ, ಕನಸು, ನಿದ್ದೆ ಎಂಬ ಮೂರು ಅವಸ್ಥೆಗಳನ್ನು ಪ್ರತಿಯೊಬ್ಬನೂ ತನ್ನಲ್ಲೇ ಪರೀಕ್ಷಿಸಿಕೊಳ್ಳಬೇಕೆಂದು ಅವರು ಒತ್ತಿ ಹೇಳಿದರು. ಮೆಚ್ಚಿನ ಲೇಖಕನನ್ನು ಓದುವುದು ಅವರಿಗೆ ಕೊನೆಗೆ ತಮ್ಮನ್ನೇ ನೋಡಿಕೊಳ್ಳುವ ದಾರಿಯಾಯಿತು.

ಇನ್ನೊಂದು ಅನಿರೀಕ್ಷಿತ ಲಾಭವನ್ನೂ ಇಲ್ಲಿ ಹೇಳಬೇಕು. ಜರ್ಮನಿಯ ವಿದ್ವಾಂಸ ಪೌಲ್ ಹ್ಯಾಕರ್ 1950ರ ಸುಮಾರಿನಲ್ಲಿ ಭಾಷಾಶಾಸ್ತ್ರದ ಹಾದಿ ಹಿಡಿದು ಶಂಕರರ ಶಬ್ದಪ್ರಯೋಗವನ್ನು ಪರೀಕ್ಷಿಸಿದ. ಅವಿದ್ಯೆ ಎಂಬ ಶಬ್ದಕ್ಕೆ ಶಂಕರರಲ್ಲಿರುವ ಅರ್ಥವೂ ನಂತರದವರು ಕೊಟ್ಟ ಅರ್ಥವೂ ಒಂದೇ ಅಲ್ಲವೆಂಬುದು ಅವನಿಗೂ ಕಂಡಿತು. ದೇಶ, ಧರ್ಮ, ಉದ್ದೇಶ ಎಲ್ಲವೂ ಬೇರೆಯಾದ ಇಬ್ಬರು ಓದುಗರು ಒಬ್ಬನೇ ಲೇಖಕನನ್ನು ನಿಷ್ಠೆಯಿಂದ ಓದಿ ಹತ್ತಿರದ ಜಾಗಕ್ಕೆ ಬಂದರು. ಸ್ವಾಮಿಗಳ ದೊಡ್ಡ ಗ್ರಂಥವನ್ನು ಎ. ಜೆ. ಆಲ್‌ಸ್ಟನ್ ಇಂಗ್ಲಿಷಿಗೆ ಅನುವಾದಿಸಿದರು. ಅದು 1989ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಸ್ವಾಮಿಗಳು ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದವು.

ಹೇಮಾವತಿಯ ದಡದಲ್ಲೇ ಹೊಳೆನರಸೀಪುರಕ್ಕಿಂತ ಮೇಲೆ ಗೊರೂರು ಇದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904-1991) ಹಿಡಿದ ಲೇಖಕ ಗಾಂಧೀಜಿ. ಅಸಹಕಾರ ಚಳವಳಿಯ ಕಾಲದಲ್ಲಿ ಓದು ಬಿಟ್ಟು ಗುಜರಾತ್ ವಿದ್ಯಾಪೀಠಕ್ಕೆ ಹೋದ ಅವರು ಮುಂದೆ ಗಾಂಧೀಜಿಯ ಆತ್ಮಕಥೆಯನ್ನು ಕನ್ನಡಕ್ಕೆ ತಂದರು. ಅನುವಾದಕನಷ್ಟು ನಿಧಾನವಾಗಿ ಯಾವ ಓದುಗನೂ ಓದಲಾರ. ಪ್ರತಿ ವಾಕ್ಯದಲ್ಲೂ ಅವನು ನಿಲ್ಲಲೇಬೇಕು. ತನ್ನ ತಪ್ಪನ್ನು ಮುಚ್ಚಿಡದೆ ಸರಳವಾಗಿ ಹೇಳುವುದು ಗಾಂಧೀಜಿಯ ರೀತಿ. ಗೊರೂರರ ‘ಹಳ್ಳಿಯ ಚಿತ್ರಗಳು’ ಮೊದಲಾದ ಬರಹಗಳಲ್ಲಿ ಲೇಖಕರು ತಮ್ಮನ್ನೇ ಹಾಸ್ಯಕ್ಕೆ ಗುರಿ ಮಾಡಿಕೊಳ್ಳುವುದನ್ನು ಬಲ್ಲವರಿಗೆ ಈ ಎರಡರ ನಡುವಿನ ನಂಟು ಹೊಳೆಯದಿರದು. 1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಕೂಡ ಗಾಂಧೀಜಿಯನ್ನು ಬಿಡಲಿಲ್ಲ. 1938ರ ‘ಕಾಂತಾಪುರ’ ಕಾದಂಬರಿಯಲ್ಲಿ ಗಾಂಧಿಯ ಹೆಸರು ಒಂದು ಹಳ್ಳಿಯನ್ನು ಅಲುಗಾಡಿಸುವುದನ್ನು ಬರೆದವರು, ಅರವತ್ತು ವರ್ಷಗಳ ನಂತರ, 1998ರಲ್ಲಿ, ಅವರ ಜೀವನಚರಿತ್ರೆಯನ್ನೇ ಪ್ರಕಟಿಸಿದರು.

ಇನ್ನು ಅರಕಲಗೂಡು. ಆ ಊರನ್ನು ಹೆಸರಿನ ಮೊದಲಕ್ಷರದಲ್ಲೇ ಹೊತ್ತ ಅ.ನ.ಕೃ. (1908-1971) ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಕನ್ನಡದಲ್ಲಿ ಸಾಮಾನ್ಯ ಓದುಗನೆಂಬ ವರ್ಗವನ್ನೇ ಬೆಳೆಸಿದವರು. ಐವತ್ತರ ದಶಕದಲ್ಲಿ ಅವರ ಕೆಲವು ಕಾದಂಬರಿಗಳ ಮೇಲೆ ಅಶ್ಲೀಲತೆಯ ಆರೋಪ ಬಂದಾಗ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕ ಬರೆದು ಉತ್ತರ ಕೊಟ್ಟರು. ಅಂಥ ವಿವಾದದಲ್ಲಿ ಓದುಗನೂ ಸುಮ್ಮನಿರಲಾಗದು. ತನಗೆ ಒಂದು ಪುಸ್ತಕ ಏಕೆ ಹಿಡಿಸಿತೆಂದು ಅವನು ಮೊದಲು ತನಗೇ ಸಮಜಾಯಿಷಿ ಕೊಟ್ಟುಕೊಳ್ಳಬೇಕಾಗುತ್ತದೆ. ‘ಚೆನ್ನಾಗಿದೆ’ ಎಂಬ ಮಾತಿಗಿಂತ ಮುಂದೆ ಹೋಗಲು ಕಾಗದ, ಪೆನ್ನು ಬೇಕಾಗುವುದು ಆಗ.

ನಮ್ಮ ಕಾಲದ ಉದಾಹರಣೆಗೆ ಮತ್ತೆ ಚನ್ನರಾಯಪಟ್ಟಣ ತಾಲ್ಲೂಕಿಗೇ ಬರಬೇಕು. ಸಂತೇಶಿವರದ ಎಸ್. ಎಲ್. ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಅವರಷ್ಟು ಓದುಗರನ್ನು ಪಡೆದ ಕನ್ನಡ ಕಾದಂಬರಿಕಾರರು ವಿರಳ; ಅವರಷ್ಟು ವಾದಕ್ಕೆ ಕಾರಣರಾದವರೂ ವಿರಳ. 2007ರಲ್ಲಿ ‘ಆವರಣ’ ಬಂದಾಗ ಒಂದು ಪಕ್ಷ ಜಯಕಾರ ಹಾಕಿತು, ಇನ್ನೊಂದು ಪಕ್ಷ ಧಿಕ್ಕಾರ ಕೂಗಿತು. ಕೂಗಿದ್ದು ಮರೆತುಹೋಗುತ್ತದೆ. ಆದರೆ 1970ರ ‘ಗೃಹಭಂಗ’ವನ್ನು ಮೆಚ್ಚಿ ಅದರ ಬಗ್ಗೆ ನಾಲ್ಕು ಪುಟ ಬರೆಯಲು ಕುಳಿತವನ ಗತಿ ಬೇರೆ. ಕಥೆಯ ಪ್ಲೇಗು, ಬರ, ಶಾನುಭೋಗಿಕೆ ಇವೆಲ್ಲ ಏನೆಂದು ಅವನು ವಿಚಾರಿಸಬೇಕು. ಅದಕ್ಕಾಗಿ ಮನೆಯ ಹಿರಿಯರನ್ನು ಮಾತಾಡಿಸಬೇಕು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ತನ್ನದೇ ಮನೆತನದ ಕಥೆ ಆಗ ಹೊರಬೀಳುತ್ತದೆ. ಬಾಲ್ಯದಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಲೇಖಕರು ಆ ದುಃಖವನ್ನು ಎಷ್ಟು ಬಿಗಿಹಿಡಿದು ಬರೆದಿದ್ದಾರೆಂಬುದು ಎರಡನೆಯ ಓದಿಗೆ ತಿಳಿಯುತ್ತದೆ. ಎಲ್ಲಿ ಸಡಿಲವಾಗಿದ್ದಾರೆಂಬುದೂ ತಿಳಿಯುತ್ತದೆ.

ಆರಾಧನೆಗೂ ಓದಿಗೂ ಇರುವ ಅಂತರ ಇದೇ. ಆರಾಧಕನಿಗೆ ಲೇಖಕ ಪ್ರಶ್ನಾತೀತ. ಓದುಗನಿಗೆ ಲೇಖಕ ದಿನವೂ ಪ್ರಶ್ನಿಸಬಹುದಾದ ಸ್ನೇಹಿತ. ಶಂಕರರನ್ನು ದೈವವೆಂದು ನಂಬಿದ್ದ ಸ್ವಾಮಿಗಳು ಕೂಡ ಅವರ ಮಾತನ್ನು ಪುಟ ತಿರುವಿ, ಪದ ಎಣಿಸಿ, ಅನುಭವಕ್ಕೆ ಹಚ್ಚಿ ನೋಡದೆ ಒಪ್ಪಲಿಲ್ಲ. ಅತ್ತಿಮಬ್ಬೆಗೆ ಸಿಕ್ಕಿದ್ದು ಪುಣ್ಯ, ಮಲ್ಲಿಕಾರ್ಜುನನಿಗೆ ಸಿಕ್ಕಿದ್ದು ಪಂಡಿತನಾದ ಮಗ, ಗೊರೂರರಿಗೆ ಸಿಕ್ಕಿದ್ದು ಸರಳತೆ ಎನ್ನಬಹುದೇನೋ. ಸಾಮಾನ್ಯ ಓದುಗನಿಗೆ ಇಷ್ಟು ದೊಡ್ಡ ಫಲ ಬೇಕಿಲ್ಲ. ಮೆಚ್ಚಿದ ಪುಸ್ತಕದ ಬಗ್ಗೆ ಒಂದು ನೋಟ್‌ಬುಕ್ಕಿನಲ್ಲಿ ತಿಂಗಳಿಗೆ ಎರಡು ಪುಟ ಬರೆದಿಟ್ಟರೂ ಸಾಕು. ಹತ್ತು ವರ್ಷಗಳ ನಂತರ ಅದನ್ನು ತೆರೆದಾಗ ಅಲ್ಲಿ ಲೇಖಕ ಎಷ್ಟಿದ್ದಾನೋ ಅಷ್ಟೇ ತಾನೂ ಇರುವುದು ಅವನಿಗೆ ಕಾಣುತ್ತದೆ.