ಅಲ್ಪದಾನವೂ ಊರ ನೆಲವೂ

ಹೊಸರಿತ್ತಿಯ ಬದಿಯಲ್ಲಿ ಹರಿಯುವ ವರದಾ ನದಿಯು ಗಳಗನಾಥದ ಬಳಿಯಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಇದೇ ತುಂಗಭದ್ರೆಯ ಸೀಮೆಯಲ್ಲಿ, ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯಲ್ಲಿ, ದೂರದೇಶದ ಒಂದು ಅಲ್ಪದಾನವು ಬೇರೂರಿದ ಬಗೆಯು ಅರಿಯತಕ್ಕುದಾಗಿದೆ.

1974ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ನೆಲೆಸಿದ್ದ ಕೆಲವರು ಭಾರತೀಯರು ‘ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್’ ಎಂಬ ಸಂಸ್ಥೆಯನ್ನು ಕಟ್ಟಿದರು. ತಾಯ್ನಾಡಿನ ಗ್ರಾಮಕಾರ್ಯಗಳಿಗೆ ಸಣ್ಣ ಸಣ್ಣ ನೆರವನ್ನು ಕಳುಹಿಸುವುದು ಅದರ ಉದ್ದೇಶವಾಗಿತ್ತು. ಆ ಬಳಗದ ಎಸ್. ಆರ್. ಹಿರೇಮಠರು ಹಣ ಕಳುಹಿಸುವುದರಲ್ಲಿಯೇ ತೃಪ್ತರಾಗದೆ, 1979ರಲ್ಲಿ ಪತ್ನೀಸಮೇತರಾಗಿ ಬಂದು ಮೇಡ್ಲೇರಿಯಲ್ಲಿಯೇ ನಿಂತರು. ದೊಡ್ಡ ಕಟ್ಟಡಗಳನ್ನು ಎಬ್ಬಿಸುವಷ್ಟು ಹಣವು ಅದಲ್ಲ; ಕಾರ್ಯಕರ್ತನು ಹಳ್ಳಿಯಲ್ಲಿ ಉಳಿದು ಜನರ ಕಷ್ಟಸುಖಗಳನ್ನು ಅರಿಯುವುದಕ್ಕೆ ಆಧಾರವಾಗುವಷ್ಟು ಮಾತ್ರ. ಆ ಅರಿವಿನ ಬೆಲೆಯು ಮುಂದೆ ತಿಳಿದುಬಂದಿತು.

ಅದೇ ತಾಲೂಕಿನ ಕುಮಾರಪಟ್ಟಣದಲ್ಲಿ 1972ರಿಂದ ನಡೆದಿದ್ದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿಯ ಕಟ್ಟಿಗೆಯು ಬೇಕಾಗಿತ್ತು. ಸರಕಾರದ ಅರಣ್ಯ ನಿಗಮವೂ ಈ ಕಾರ್ಖಾನೆಯೂ ಕೂಡಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಸ್ಥಾಪಿಸಿದವು. ಸುಮಾರು 75,000 ಎಕರೆ ನೆಲವನ್ನು ಅದಕ್ಕೆ 40 ವರ್ಷಗಳ ಗುತ್ತಿಗೆಯಿಂದ ಕೊಡುವುದು ನಿಶ್ಚಯವಾಯಿತು. ಕಾಗದದಲ್ಲಿ ಅದು ಪಾಳುಭೂಮಿ. ಒಕ್ಕಲಿಗನಿಗಾದರೋ ದನಗಳ ಮೇವು, ಒಲೆಯ ಸೌದೆ, ನೇಗಿಲಿನ ಮರ ಎಲ್ಲವೂ ಅದೇ. ನೆಲವಿಲ್ಲದ ಬಡವನಿಗೆ ಊರ ನೆಲವೇ ಆಸ್ತಿ.

1984ರಲ್ಲಿ ಹುಟ್ಟಿದ ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಈ ಅನ್ಯಾಯವನ್ನು ಎದುರಿಸಲು ಮುಂದಾಯಿತು. ಹಿರೇಮಠರು ಅದರ ಮುಂದಾಳುಗಳು. ಶಿವರಾಮ ಕಾರಂತರೂ ಸೇರಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿಯು ಹೋಯಿತು. ಇನ್ನಷ್ಟು ನೆಲವನ್ನು ಹಸ್ತಾಂತರಿಸಕೂಡದೆಂದು 1987ರ ಮಾರ್ಚಿನಲ್ಲಿ ತಡೆಯಾಜ್ಞೆಯಾಯಿತು. ಅದೇ ವರ್ಷದ ನವೆಂಬರ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನರು ಗುಂಪಾಗಿ ಕೂಡಿ, ನೀಲಗಿರಿಯ ಸಸಿಗಳನ್ನು ಕಿತ್ತು, ಅಲ್ಲಿಯೇ ಹಳ್ಳಿಗೆ ಉಪಯೋಗವಾಗುವ ಸಸಿಗಳನ್ನು ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಎಂಬ ಹೆಸರೇ ಆ ಸತ್ಯಾಗ್ರಹದ ತಿರುಳನ್ನು ಹೇಳುತ್ತದೆ: ಕೀಳುವ ಕೈಗೆ ನೆಡುವ ಹೊಣೆಯೂ ಉಂಟು. 1991ರಲ್ಲಿ ಸರಕಾರವು ಕಂಪನಿಯನ್ನು ಮುಚ್ಚಲು ನಿರ್ಧರಿಸಿತು.

ಆಫ್ರಿಕದ ಕೆನ್ಯಾದಲ್ಲಿ ವಾಂಗಾರಿ ಮಾಥಾಯಿಯವರು 1977ರಲ್ಲಿ ಆರಂಭಿಸಿದ ಹಸಿರುಪಟ್ಟಿಯ ಚಳುವಳಿಯಲ್ಲಿಯೂ ಬದುಕುಳಿದ ಸಸಿಯ ಲೆಕ್ಕದಿಂದ ಹೆಂಗಸರಿಗೆ ಅಲ್ಪ ಹಣವು ಸಲ್ಲುತ್ತಿತ್ತು. ಅಲ್ಲಿಯೂ ಇಲ್ಲಿಯೂ ದಾನವು ಮೊದಲ ಆಸರೆ ಮಾತ್ರ. ಕುಸನೂರಿನಲ್ಲಿ ಸಸಿ ನೆಟ್ಟ ಕೈಗಳು ಊರವರವು. ಕಾಯ್ದುಕೊಂಡ ನೆಲವೂ ಅವರದೇ.